ಸುಳ್ಳೆಂದು ಇಟ್ಟ ಮಾತು

೧೪೩೧ನೆಯ ಇಸವಿಯ ಫೆಬ್ರವರಿ ಒಂಬತ್ತು, ಶುಕ್ರವಾರ. ಮುಂಜಾನೆಯ ಪೂಜೆ ಮುಗಿದ ಮೇಲೆ ನಮ್ಮ ವಿದ್ಯಾರ್ಥಿಗೃಹದ ವಾದಶಾಲೆಯಲ್ಲಿ ಮೂವತ್ತೆರಡು ಮಂದಿ ಇದ್ದರು. ಮೂವತ್ತಮೂರು ಇರಬೇಕಿತ್ತು. ಬಾಗಿಲು ಹಾಕುವ ಮುನ್ನ ತಲೆ ಎಣಿಸುವುದು ನನ್ನ ಕೆಲಸವಾಗಿತ್ತು. ಎರಡು ಸಲ ಎಣಿಸಿದೆ. ಬಾರದಿದ್ದವನು ಮೇಷ್ಟ್ರು ಲಾಂಪರ್ಟ್. ಈಸ್ಟರಿಗೆ ಮುಂಚಿನ ದೊಡ್ಡ ಉಪವಾಸಕ್ಕೆ ಇನ್ನು ಐದೇ ದಿನವಿತ್ತು, ಊರೆಲ್ಲ ಕುಡಿದು ತಣಿಯುವ ಅಂಥ ವಾರದಲ್ಲಿ ಲಾಂಪರ್ಟ್ ಹೊತ್ತಿಗೆ ಸರಿಯಾಗಿ ಎದ್ದು ಬರುತ್ತಾನೆಂದು ಯಾರೂ ಎಣಿಸುತ್ತಿರಲಿಲ್ಲ. ಬಾಗಿಲು ಹಾಕಿಸಿದೆ.

ನಾನು ಅಲ್ಲಿ ಅಂಕಗಣಿತವನ್ನೂ ಹಬ್ಬಗಳ ದಿನಗಣನೆಯನ್ನೂ ಕಲಿಸುತ್ತಿದ್ದೆ. ತರ್ಕದವರ ಯಾವ ಗುಂಪಿಗೂ ಸೇರದವನಾದ್ದರಿಂದ ವಾದದ ದಿನಗಳಲ್ಲಿ ನನ್ನನ್ನು ಮರಳುಗಡಿಯಾರದ ಮುಂದೆ ಕೂರಿಸುತ್ತಿದ್ದರು.

ಆ ದಿನದ ಅಭ್ಯಾಸಕ್ಕೆ ಕಟ್ಟು ಎಂದು ಹೆಸರು. ಕೇಳುವವನು ಒಂದು ಸುಳ್ಳನ್ನು ಮುಂದಿಡುತ್ತಾನೆ. ಉತ್ತರಿಸುವವನು ಅದನ್ನು ಒಪ್ಪಿಕೊಂಡ ಕ್ಷಣದಿಂದ ಅದು ನಿಜವೆಂಬಂತೆಯೇ ಮಾತಾಡಬೇಕು. ಅದರಿಂದ ಹೊರಡುವುದನ್ನೆಲ್ಲ ಒಪ್ಪಬೇಕು. ಅದಕ್ಕೆ ವಿರುದ್ಧವಾದುದನ್ನು ನಿರಾಕರಿಸಬೇಕು. ಅದಕ್ಕೆ ಸಂಬಂಧವೇ ಇಲ್ಲದ ಸಂಗತಿ ಬಂದರೆ ಇದ್ದದ್ದನ್ನು ಇದ್ದಂತೆ ಹೇಳಬೇಕು. ಎಲ್ಲಿಯಾದರೂ ತನ್ನ ಮಾತಿಗೆ ತಾನೇ ಅಡ್ಡ ಬಂದರೆ ಸೋತ. ಕೇಳುವವನು 'ಕಾಲ ಸಂದಿತು' ಎನ್ನುವ ತನಕ ಬಿಡುಗಡೆಯಿಲ್ಲ. ಮರಳು ಪೂರ್ತಿ ಇಳಿದರೂ ಇಲ್ಲ. ಮರಳು ಕೇಳುವವನಿಗೆ ಹೊತ್ತನ್ನು ನೆನಪಿಸುತ್ತದೆ, ಅಷ್ಟೇ.

ಸುಳ್ಳು ಶಾಲೆಯ ಹೊಸಿಲು ದಾಟಬಾರದೆಂದು ನಮ್ಮ ಗೃಹವನ್ನು ಕಟ್ಟಿಸಿದವರು ಇದಕ್ಕೆ ಎರಡು ವಿಧಿಗಳನ್ನು ಸೇರಿಸಿದ್ದರು. ಆರಂಭದಲ್ಲಿ ಉತ್ತರಿಸುವವನು 'ಸುಳ್ಳೆಂದು ಇಡುತ್ತೀರೋ?' ಎಂದು ಕೇಳಬೇಕು. ಕೇಳುವವನು ಪವಿತ್ರ ಗ್ರಂಥದ ಮೇಲೆ ಕೈಯಿಟ್ಟು 'ಸುಳ್ಳೆಂದೇ ಇಡುತ್ತೇನೆ' ಎನ್ನಬೇಕು. ಕೊನೆಯಲ್ಲಿ, ಕಾಲ ಸಂದ ಮೇಲೆ, ಉತ್ತರಿಸಿದವನು 'ಹಾಗಾದರೆ ನಿಜವೇನು?' ಎಂದು ಕೇಳಬೇಕು. ಆಗ ಕೇಳಿದವನು ಅದೇ ಗ್ರಂಥದ ಮೇಲೆ ಕೈಯಿಟ್ಟು, ಆ ವಿಷಯದಲ್ಲಿ ತನಗೆ ತಿಳಿದಿರುವ ನಿಜವನ್ನೆಲ್ಲ ಹೇಳಬೇಕು. ಸಾಮಾನ್ಯವಾಗಿ ಅದು ಒಂದು ಸಾಲಿನಲ್ಲಿ ಮುಗಿಯುತ್ತಿತ್ತು: ನೀನು ಕತ್ತೆಯಲ್ಲ, ಮನುಷ್ಯ. ಅಷ್ಟಕ್ಕೆ ಎಲ್ಲರೂ ನಗುತ್ತ ಊಟಕ್ಕೆ ಏಳುತ್ತಿದ್ದರು.

ಅಂದು ಉತ್ತರಿಸಬೇಕಾಗಿದ್ದವನು ವೀಗಾಂಡ್. ಇಪ್ಪತ್ತೆರಡರ ಪ್ರಾಯ, ಬಟ್ಟೆಗೆ ನೀಲಿ ಬಣ್ಣ ಕೊಡುವ ಗಿಡ ಬೆಳೆಯುವ ಹಳ್ಳಿಯೊಂದರ ವಿಧವೆಯ ಮಗ. ಈಸ್ಟರಿನ ಹೊತ್ತಿಗೆ ಅವನಿಗೆ ಮೇಷ್ಟ್ರ ಪದವಿ ಸಿಗಬೇಕಿತ್ತು. ಅದರ ಹಿಂದೆ ಪಾದ್ರಿಯ ದೀಕ್ಷೆ, ಎಲ್ಲಾದರೂ ಒಂದು ಸಣ್ಣ ಚರ್ಚು, ತಾಯಿಗೆ ಒಲೆಯಿರುವ ಒಂದು ಕೋಣೆ. ಅವನಷ್ಟು ಬಿಗಿಯಾಗಿ ನಿಯಮ ಹಿಡಿದವನನ್ನು ನಾನು ಕಂಡಿಲ್ಲ. ಲೆಕ್ಕದ ಉತ್ತರ ಸರಿಯಾಗಿದ್ದು ನಡುವಿನ ಒಂದು ಹೆಜ್ಜೆ ಬಿಟ್ಟುಹೋಗಿದ್ದರೆ ತಾನಾಗಿಯೇ ಹಲಗೆ ಒರೆಸಿ ಮೊದಲಿನಿಂದ ಮಾಡುತ್ತಿದ್ದ.

ಕೇಳುವವನು ಮೇಷ್ಟ್ರು ಹಾರ್ಟುಂಗ್. ಆ ವರ್ಷ ತರ್ಕದ ಪೀಠವೊಂದು ತೆರವಾಗಿತ್ತು. ಅದಕ್ಕೆ ಕಾದವರು ಇಬ್ಬರು, ಅವನು ಮತ್ತು ಲಾಂಪರ್ಟ್. ಹಿರಿಯರ ಮನಸ್ಸು ಲಾಂಪರ್ಟನ ಕಡೆಗೆ ವಾಲಿತ್ತೆಂಬುದು ಅಡುಗೆಯವಳಿಗೂ ತಿಳಿದಿತ್ತು. ಹಾರ್ಟುಂಗ್ ಅಂದು ಎಲ್ಲರಿಗಿಂತ ಕೊನೆಗೆ, ನಾನು ತಲೆ ಎಣಿಸುವ ಹೊತ್ತಿಗೆ ಒಳಗೆ ಬಂದ. ಅವನ ಬಲತೋಳಿನ ಅಂಚು ಮೊಣಕೈವರೆಗೆ ಒದ್ದೆಯಾಗಿತ್ತು. ಅಂಥ ಚಳಿಯಲ್ಲಿ ಯಾರೂ ಮೊಣಕೈವರೆಗೆ ತೊಳೆದುಕೊಳ್ಳುವುದಿಲ್ಲ.

ಅವನು ಗ್ರಂಥವನ್ನು ತನ್ನ ಕಡೆಗೆ ಎಳೆದುಕೊಂಡು ಹೇಳಿದ:

"ವೀಗಾಂಡ್, ನೀನು ಲಾಂಪರ್ಟನನ್ನು ಕೊಂದಿದ್ದೀಯೆ."

ಶಾಲೆಯೆಲ್ಲ ನಕ್ಕಿತು. ಹಿಂದಿನ ಬೆಂಚಿನಿಂದ ಯಾರೋ ಅಂದರು: "ಅವ್ರನ್ನ ಕೊಲ್ಲಕ್ಕೆ ವೀಗಾಂಡ್ ಯಾಕೆ ಬೇಕು? ಪೀಪಾಯಿ ಒಂದಿದ್ರೆ ಸಾಕು." ವೀಗಾಂಡ್ ನಗಲಿಲ್ಲ. ವಿಧಿಯಂತೆ ಎದ್ದು ನಿಂತು, ಸುಳ್ಳೆಂದು ಇಡುತ್ತೀರೋ ಎಂದು ಕೇಳಿದ.

ಹಾರ್ಟುಂಗನ ಕೈ ಗ್ರಂಥದ ಮೇಲೆಯೇ ಇತ್ತು. ಉತ್ತರ ಬರಲು ಒಂದು ಗಳಿಗೆ ತಡವಾಯಿತು. "ಸುಳ್ಳೆಂದೇ ಇಡುತ್ತೇನೆ," ಎಂದ.

"ಒಪ್ಪಿದೆ," ಎಂದ ವೀಗಾಂಡ್. ನಾನು ಗಡಿಯಾರ ತಿರುಗಿಸಿದೆ.

ಹಾರ್ಟುಂಗ್ ಚೆನ್ನಾಗಿ ಕೇಳಿದ, ವೀಗಾಂಡ್ ಇನ್ನೂ ಚೆನ್ನಾಗಿ ಉತ್ತರಿಸಿದ. ಕೊಲೆ ಮಾಡಿದವನಿಗೆ ದೀಕ್ಷೆ ಸಲ್ಲದು: ಒಪ್ಪಿದೆ. ನಿನಗೆ ದೀಕ್ಷೆ ಸಲ್ಲುತ್ತದೆ: ನಿರಾಕರಿಸಿದೆ. ಇಂದು ಹೊರಗೆ ಹಿಮ ಬಿದ್ದಿದೆ: ಒಪ್ಪಿದೆ, ಏಕೆಂದರೆ ಬಿದ್ದಿತ್ತು. ಲಾಂಪರ್ಟ್ ಈಗ ಹಾಸಿಗೆಯಲ್ಲಿ ಗೊರಕೆ ಹೊಡೆಯುತ್ತಿದ್ದಾನೆ: ನಿರಾಕರಿಸಿದೆ. ಇದಕ್ಕೆ ಮತ್ತೆ ನಗೆ ಎದ್ದಿತು. ಮರಳು ಮುಕ್ಕಾಲು ಪಾಲು ಇಳಿದಿತ್ತು.

ಆಗ ನೆಲಮಾಳಿಗೆಯ ಕಡೆಯಿಂದ ಅಡುಗೆಯವಳ ಕೂಗು ಕೇಳಿಸಿತು. ಮಧ್ಯಾಹ್ನಕ್ಕೆ ಬಿಯರು ಇಳಿಸಲು ಹೋಗಿದ್ದಳು. ಎಲ್ಲರೂ ಬಾಗಿಲಿಗೆ ನುಗ್ಗಿದರು. ಅಭ್ಯಾಸ ನಡುವೆ ನಿಂತರೆ ಗಡಿಯಾರವನ್ನು ಅಡ್ಡ ಮಲಗಿಸಬೇಕು; ಹಾಗೆಯೇ ಮಲಗಿಸಿದೆ. ತಲೆ ಎತ್ತಿದಾಗ ಶಾಲೆಯಲ್ಲಿ ನಾವು ಮೂವರೇ ಉಳಿದಿದ್ದೆವು. ಉತ್ತರಿಸುವವನು ಬಿಡುಗಡೆಯಿಲ್ಲದೆ ಜಾಗ ಬಿಡುವಂತಿಲ್ಲ. ವೀಗಾಂಡ್ ಹಾರ್ಟುಂಗನ ಮುಖ ನೋಡುತ್ತ ನಿಂತಿದ್ದ. ಹಾರ್ಟುಂಗ್ ಗ್ರಂಥದ ಮೇಲಿಂದ ಕೈ ತೆಗೆದು, ಅಂಗೈಯನ್ನು ನಿಲುವಂಗಿಗೆ ಒರೆಸಿಕೊಂಡು, ಬಿಡುಗಡೆಯ ಮಾತಾಡದೆ ಹೊರಟುಹೋದ.

ಲಾಂಪರ್ಟ್ ನೆಲಮಾಳಿಗೆಯ ಮೆಟ್ಟಿಲ ಬುಡದಲ್ಲಿ ಬಿದ್ದಿದ್ದ. ತಲೆ ಕಲ್ಲಿಗೆ ಬಡಿದಿತ್ತು. ಅಂಗಿಯ ಕೊರಳಪಟ್ಟಿ ಹರಿದಿತ್ತು, ಕತ್ತಿನ ಹಿಂದೆ ಉಗುರಿನ ಗುರುತುಗಳಿದ್ದವು. ಹೆಣ ಸೆಟೆದುಹೋಗಿ ಕೈ ಮಡಿಸಲು ಬರುತ್ತಿರಲಿಲ್ಲ. ನಾವು ಮೇಲೆ ನಗುತ್ತಿದ್ದಾಗ ಅವನು ಸತ್ತು ಬಹಳ ಹೊತ್ತಾಗಿತ್ತು.

ಸೋಮವಾರ ಅದೇ ಶಾಲೆಯಲ್ಲಿ ಕುಲಪತಿಗಳು ವಿಚಾರಣೆ ನಡೆಸಿದರು. ನಮ್ಮವರನ್ನು ವಿಚಾರಿಸುವ ಅಧಿಕಾರ ನಮ್ಮವರದೇ. ನಗರದ ನ್ಯಾಯಾಧೀಶರಿಗೆ ಅಲ್ಲಿ ಪ್ರವೇಶವಿಲ್ಲ. ಲಾಂಪರ್ಟನ ಚಿಕ್ಕಪ್ಪ ಬಂದು, ತುಂಬಿದ ಸಭೆಯಲ್ಲಿ ಒಬ್ಬ ಕೊಂದೆನೆಂದು ಒಪ್ಪಿಕೊಂಡಿರುವಾಗ ಇನ್ನೇನು ಬೇಕೆಂದು ಕೇಳಿದ್ದ. ವೀಗಾಂಡ್ ಶುಕ್ರವಾರ ನಿಂತಿದ್ದ ಜಾಗದಲ್ಲೇ ನಿಂತ. ಲಾಂಪರ್ಟನನ್ನು ಕೊಂದೆಯಾ ಎಂದು ಕುಲಪತಿಗಳು ಕೇಳಿದರು.

"ಒಪ್ಪಿದೆ," ಎಂದ.

ಸಭೆ ಗುಜುಗುಟ್ಟಿತು. ಕುಲಪತಿಗಳು ಕೈಯೆತ್ತಿ, "ಇದು ನಿನ್ನ ಮಾತೇನಪ್ಪಾ, ಇಲ್ಲಾ ಅಭ್ಯಾಸದ ಮಾತೋ?" ಎಂದರು.

"ಕಟ್ಟಲ್ಲಿದ್ದೀನಿ ಗುರುಗಳೇ. ಬಿಚ್ಚೋ ತನಕ ಯಾವುದು ಅಂತ ಹೇಳಕ್ಕೆ ನಂಗೆ ಬರಲ್ಲ."

ನಾನು ಮಾತಿಗೆ ಅನುಮತಿ ಕೇಳಿದೆ. ಹೇಳಿದ್ದು ಇಷ್ಟು. ಮಾತನ್ನು ಮುಂದಿಟ್ಟ ಹೊತ್ತಿಗೆ ಲಾಂಪರ್ಟ್ ಸತ್ತಿದ್ದ. ಇದಕ್ಕೆ ಹೆಣವೇ ಸಾಕ್ಷಿ. ವೀಗಾಂಡ್ ಕೊಂದಿದ್ದರೆ ಆಗಲೇ ಕೊಂದಿರಬೇಕು, ಇಟ್ಟ ಮಾತು ನಿಜವಾಗಿರಬೇಕು. ಆದರೆ ಅದು ಸುಳ್ಳೆಂದು ಮೇಷ್ಟ್ರು ಹಾರ್ಟುಂಗ್ ಗ್ರಂಥ ಮುಟ್ಟಿ ಹೇಳಿದ್ದಾರೆ. ಅವರು ಆ ಆಣೆಗೆ ಈಗಲೂ ಬದ್ಧರಾದರೆ ವೀಗಾಂಡ್ ಕೊಂದಿಲ್ಲ. ಕುಲಪತಿಗಳು ಹಾರ್ಟುಂಗನ ಕಡೆ ತಿರುಗಿದರು.

"ಬದ್ಧನಿದ್ದೇನೆ," ಎಂದ ಹಾರ್ಟುಂಗ್.

ಅವನಿಗೆ ಅದು ಹೇಗೆ ಗೊತ್ತು ಎಂದು ಯಾರೂ ಕೇಳಲಿಲ್ಲ. ಲಾಂಪರ್ಟ್ ಹಾಸಿಗೆಯಲ್ಲಿದ್ದಾನೆಂದು ನಾವೆಲ್ಲ ತಿಳಿದಿದ್ದಂತೆ ಅವನೂ ತಿಳಿದಿದ್ದನೆಂದು ಎಲ್ಲರೂ ಎಣಿಸಿದರು. ವೀಗಾಂಡನನ್ನು ಬಿಟ್ಟರು. ಕೊಂದವರು ತಿಳಿದಿಲ್ಲ ಎಂದು ಬರೆಸಿದರು. ಏಳುವ ಮುನ್ನ ಕುಲಪತಿಗಳು, ಹುಡುಗನ ಕಟ್ಟು ಬಿಚ್ಚಿಬಿಡಿ ಎಂದು ಹಾರ್ಟುಂಗನಿಗೆ ಸೂಚಿಸಿದರು. ಹಾರ್ಟುಂಗ್ ನಕ್ಕ.

"ನಡುವೇನೇ ತುಂಡಾಗಿ ಬಿದ್ದಿದ್ದಕ್ಕೆ ಕೊನೆ ಎಲ್ಲಿಂದ ತರೋದು ಗುರುಗಳೇ? ಹರಿದುಹೋಗಿರೋ ಹಗ್ಗಾನ ಯಾರಾದ್ರೂ ಕೂತ್ಕೊಂಡು ಬಿಚ್ಚತಾರಾ?"

ಮಾತು ಚೆನ್ನಾಗಿತ್ತು, ಹಿರಿಯರು ತಲೆದೂಗಿದರು. ಅಭ್ಯಾಸ ತಾನಾಗಿಯೇ ಬಿದ್ದುಹೋಗಿದೆ ಎಂದು ಅದನ್ನೂ ಬರೆಸಿದರು.

ಅಂಗಳದಲ್ಲಿ ವೀಗಾಂಡ್ ನನಗಾಗಿ ಕಾದಿದ್ದ. ಕೃತಜ್ಞತೆ ಹೇಳುತ್ತಾನೆಂದುಕೊಂಡೆ. ಅವನು ಕೇಳಿದ್ದು ಬೇರೆ.

"ಮೇಷ್ಟ್ರೇ, ಆ ಮಾತು ಅಂದ್ರಾ ಅವರು? ನಂಗೆ ಸರಿಯಾಗಿ ಕೇಳಿಸಲಿಲ್ಲ."

"ಅನ್ನಲಿಲ್ಲ."

"ಹಗ್ಗ ಹರಿದಿದೆ ಅಂದ್ರು. ಹರಿದಿದ್ರೆ ನಂಗೆ ಗೊತ್ತಾಗಬೇಕಿತ್ತು," ಎಂದು ತನ್ನ ಎರಡು ಕೈಗಳನ್ನೂ ನೋಡಿಕೊಂಡ.

ನಾಲ್ಕು ದಿನದಲ್ಲಿ ಮರೆಯುತ್ತಾನೆಂದು ಎಣಿಸಿದೆ. ಈಸ್ಟರು ಹತ್ತಿರ ಬಂತು. ಪದವಿಯ ಪರೀಕ್ಷೆಯಲ್ಲಿ ಅವನನ್ನು ಮೀರಿಸುವವರು ಯಾರೂ ಇರಲಿಲ್ಲ. ಕೊನೆಗೆ ಎಲ್ಲರನ್ನೂ ಕೇಳುವ ಸಣ್ಣ ಪ್ರಶ್ನೆಗಳು ಬಂದವು: ಧರ್ಮಬದ್ಧ ಮದುವೆಯಲ್ಲಿ ಹುಟ್ಟಿದವನೋ, ಯಾರ ಜೀತದಲ್ಲಿಯೂ ಇಲ್ಲವಷ್ಟೆ, ಮನುಷ್ಯರ ರಕ್ತ ಕೈಗೆ ಅಂಟಿದೆಯೋ. ಮೊದಲಿನ ಎರಡಕ್ಕೆ ನಿಜ ಹೇಳಿದ. ಮೂರನೆಯದಕ್ಕೆ, ಅಂಟಿದೆ, ಎಂದ. ಪರೀಕ್ಷಕರು ತಿದ್ದಿಕೊಳ್ಳಲು ಎರಡು ಸಲ ಅವಕಾಶ ಕೊಟ್ಟರು. ಪದವಿ ಸಿಗಲಿಲ್ಲ.

ಹಬ್ಬ ಮುಗಿದ ವಾರ ಅವನ ತಾಯಿ ಯುಟ್ಟಾ ಹಳ್ಳಿಯಿಂದ ನಡೆದು ಬಂದಳು. ಗಿಡದ ಎಲೆ ಅರೆದು ಉಂಡೆ ಕಟ್ಟಿ ಅವಳ ಬೆರಳುಗಳ ಸಂದಿ ಸಂದಿಯೂ ಕಪ್ಪಾಗಿತ್ತು. ನನ್ನ ಕೋಣೆಯಲ್ಲಿ ಕೂರದೆ ನಿಂತೇ ಇದ್ದಳು.

"ನನ್ನ ಮಗ ಕೊಲೆ ಮಾಡಿದಾನಾ ಮೇಷ್ಟ್ರೇ?"

"ಇಲ್ಲಮ್ಮ."

"ಮತ್ತೆ ಮಾಡಿದೀನಿ ಅಂತಾನಲ್ಲ."

ಅದೊಂದು ಅಭ್ಯಾಸ ಎಂದೆ.

"ಅವರಪ್ಪಂಗೂ ಒಂದು ಅಭ್ಯಾಸ ಇತ್ತು. ಅದನ್ನೂ ಬಿಡಿಸಕ್ಕಾಗಲಿಲ್ಲ, ಮಣ್ಣಿಗೆ ಹೋಗೋ ತನಕ." ನಡೆದದ್ದನ್ನೆಲ್ಲ ಅವಳಿಗೆ ತಿಳಿಯುವಂತೆ ಹೇಳಿದೆ. ಕೇಳಿ ಮುಗಿಸಿ, "ಎರಡು ಮಾತು ತಾನೇ? ನೀವೇ ಅಂದುಬಿಡಿ. ನಿಮ್ಮ ಗಂಟೇನು ಹೋಗತ್ತೆ?" ಎಂದಳು.

ಅದು ನನ್ನ ಅಧಿಕಾರವಲ್ಲವೆಂದು ತಿಳಿದೂ ವೀಗಾಂಡನನ್ನು ಕರೆಸಿದೆ. ಅವನ ಎದುರು ನಿಂತು, ಗಡಿಯಾರವನ್ನು ಕೈಯಲ್ಲಿ ಹಿಡಿದು, "ಕಾಲ ಸಂದಿತು," ಎಂದೆ.

ಅವನು ತಲೆ ಬಾಗಿಸಿದ. "ನಿಮ್ಮದು ದೊಡ್ಡ ಮನಸ್ಸು ಮೇಷ್ಟ್ರೇ. ಆದ್ರೆ ಕಟ್ಟಿದೋರು ನೀವಲ್ಲ."

"ಅಯ್ಯೋ ಪೆದ್ದೇ," ಎಂದಳು ಯುಟ್ಟಾ. "ಅವರಿಗೆ ಬೇಡ, ಇವರಿಗೆ ಬೇಡ. ನಿನ್ನ ಹೆತ್ತೋಳಿಗೆ ಹೇಳೋ. ಕೊಂದಿಲ್ಲ ಅನ್ನು. ಒಂದೇ ಒಂದು ಸಲ ಅನ್ನು ಮಗಾ."

ವೀಗಾಂಡ್ ಬಾಯಿ ತೆರೆದ.

"ನಂಗೆ ಹಸಿವಾಗ್ತಿದೆ ಅಮ್ಮ," ಎಂದ.

ಅದು ಇಟ್ಟ ಮಾತಿಗೆ ಸಂಬಂಧಿಸದ್ದು, ನಿಜವಾದದ್ದು. ನಿಯಮ ಅವನಿಗೆ ಬಿಟ್ಟದ್ದು ಅಷ್ಟೇ. ಯುಟ್ಟಾ ಬಟ್ಟೆಯ ಗಂಟು ಬಿಚ್ಚಿ ರೊಟ್ಟಿಯನ್ನೂ ಈರುಳ್ಳಿಯನ್ನೂ ನನ್ನ ಮೇಜಿನ ಮೇಲಿಟ್ಟಳು. ಅವನು ತಿಂದು ಮುಗಿಸುವ ತನಕ ನೋಡಿ, ಹೊರಟುಹೋದಳು.

ಮಾರನೆಯ ದಿನ ಹಾರ್ಟುಂಗನ ಬಳಿಗೆ ಹೋದೆ. ತೆರವಾದ ಪೀಠ ಅವನಿಗೇ ದೊರೆತಿತ್ತು. ಅದರ ಜೊತೆ ನದಿಯ ಕಡೆ ಕಿಟಕಿಯಿದ್ದ ಕೋಣೆಯೂ. ನನಗೆ ಕುರ್ಚಿ ಕೊಟ್ಟ, ದ್ರಾಕ್ಷಾರಸ ಸುರಿದ. ಬಂದ ಕಾರಣ ಹೇಳಿದೆ.

"ಎರಡು ಪದಕ್ಕೆ ಇಷ್ಟು ಮೆಟ್ಟಿಲು ಹತ್ತಿಕೊಂಡು ಬಂದ್ರಾ ಪಾಪ."

"ಹೇಳಿಬಿಡಪ್ಪ. ಹುಡುಗ ಬದುಕ್ಕೋತಾನೆ."

ಅವನು ಕಿಟಕಿಯ ಹೊರಗೆ ನೋಡಿದ. "ಹೇಳಬೋದು. ಹೇಳಿದ ಮೇಲೆ ಅವನು ಒಂದು ಪ್ರಶ್ನೆ ಕೇಳ್ತಾನಲ್ಲ ಮೇಷ್ಟ್ರೇ. ಅವನಂತೂ ಕೇಳದೆ ಬಿಡೋನಲ್ಲ."

ಹಾಗಾದರೆ ನಿಜವೇನು. ತಿಳಿದಿರುವ ನಿಜವನ್ನೆಲ್ಲ ಹೇಳಬೇಕು. ನನಗೆ ಒದ್ದೆಯಾದ ತೋಳಿನ ಅಂಚು ನೆನಪಾಯಿತು. ಅಂಗೈ ಒರೆಸಿಕೊಂಡದ್ದು ನೆನಪಾಯಿತು. ಅಂದು ಸುಳ್ಳೆಂದು ಅವನು ಇಟ್ಟ ಆಣೆ ಸಂಪೂರ್ಣ ನಿಜವಾಗಿತ್ತು. ಆ ಮಾತು ಸುಳ್ಳೆಂದು ಖಚಿತವಾಗಿ ತಿಳಿದಿದ್ದವನು ಶಾಲೆಯಲ್ಲಿ ಅವನೊಬ್ಬನೇ. ನನಗೆ ಗೊತ್ತಾಯಿತೆಂಬುದು ಅವನಿಗೂ ಗೊತ್ತಾಯಿತು. ಲೋಟವನ್ನು ನನ್ನ ಕಡೆಗೆ ಸ್ವಲ್ಪ ಸರಿಸಿದ.

"ಗ್ರಂಥದ ಮೇಲೆ ಕೈಯಿಟ್ಟು ಸುಳ್ಳು ಹೇಳೋ ಮನುಷ್ಯ ಅಲ್ಲ ನಾನು," ಎಂದ. "ಅದೊಂದನ್ನ ನೀವು ನಂಬಬೋದು."

ನಂಬಿದೆ. ಅದಕ್ಕೆಂದೇ ಅವನು ಎಂದಿಗೂ ಆ ಪದಗಳನ್ನು ಆಡುವುದಿಲ್ಲವೆಂದು ತಿಳಿಯಿತು. ಕುಲಪತಿಗಳ ಬಳಿ ಹೋಗಿ ನನ್ನ ತೀರ್ಮಾನ ಹೇಳಿದೆ. ಅವರು ಕೊನೆವರೆಗೂ ಕೇಳಿ, ಒದ್ದೆ ತೋಳಿನಿಂದ ಏನು ಹೊರಡುತ್ತದೆ, ಎರಡು ಪದ ಆಡದೆ ಇರುವುದರಿಂದ ಏನು ಹೊರಡುತ್ತದೆ ಎಂದು ನನ್ನನ್ನೇ ಕೇಳಿದರು. ನಿಯಮದ ಪ್ರಕಾರ ಏನೂ ಹೊರಡುವುದಿಲ್ಲ. ನನ್ನ ವಿದ್ಯಾರ್ಥಿ ಅಂಥ ಲೆಕ್ಕ ತಂದಿದ್ದರೆ ನಾನೂ ಹಲಗೆ ಒರೆಸುತ್ತಿದ್ದೆ.

ವೀಗಾಂಡ್ ಗೃಹ ಬಿಟ್ಟ. ಹೆಸರು ಪಟ್ಟಿಯಿಂದ ಹೋಯಿತು. ನಗರದಲ್ಲಿ ಬಣ್ಣದ ವ್ಯಾಪಾರಿಯೊಬ್ಬನ ಅಂಗಳದಲ್ಲಿ ಎಲೆಯ ಉಂಡೆಗಳನ್ನು ರಾಶಿ ಹಾಕಿ, ನೀರು ಚಿಮುಕಿಸಿ, ಕೊಳೆಯಿಸಿ, ತಿರುವುವ ಕೆಲಸಕ್ಕೆ ಸೇರಿದ. ಆ ರಾಶಿಯ ನಾತ ಬಲ್ಲವರು ಆ ಬೀದಿಯಲ್ಲಿ ನಡೆಯುವುದಿಲ್ಲ. ನಾನು ತಿಂಗಳಿಗೊಮ್ಮೆ ಹೋಗುತ್ತಿದ್ದೆ. ಮೊದಲ ವರ್ಷಗಳಲ್ಲಿ ಅವನು ಸಮಾಧಾನವಾಗಿಯೇ ಇದ್ದ. ಕೆಲಸದವರು ಅವನನ್ನು ಕೊಲೆಗಾರ ಎಂದೇ ಕರೆಯುತ್ತಿದ್ದರು. "ಏ ಕೊಲೆಗಾರ, ನೀರು ತಾರೋ" ಎಂದರೆ ತರುತ್ತಿದ್ದ.

ಒಪ್ಪುವುದು ಬೇರೆ, ನಂಬುವುದು ಬೇರೆ. ಮೊದಲ ವರ್ಷದವರಿಗೆ ಇದನ್ನೇ ಕಲಿಸುತ್ತಾರೆ. ನಾಲಿಗೆ ಒಪ್ಪುತ್ತದೆ, ಬುದ್ಧಿ ಹಿಂದೆ ನಿಂತು ನೋಡುತ್ತಿರುತ್ತದೆ. ಅಭ್ಯಾಸ ಒಂದು ಬೆಳಗಿನದಾದರೆ ಈ ಮಾತು ಸರಿ. ನಮ್ಮಲ್ಲಿ ಕೆಲವರು ಇನ್ನೊಂದನ್ನೂ ಹೇಳುತ್ತಿದ್ದರು: ಮನಸ್ಸು ಮಾಡಿದ ಪ್ರತಿಯೊಂದು ಕೆಲಸವೂ ಮನಸ್ಸಿನಲ್ಲಿ ಒಂದು ಒಲವನ್ನು ಬಿಟ್ಟುಹೋಗುತ್ತದೆ, ಮುಂದಿನ ಸಲ ಅದೇ ಕೆಲಸ ಸುಲಭವಾಗುತ್ತದೆ, ಕೊನೆಗೆ ಮಾಡದೆ ಇರುವುದೇ ಕಷ್ಟವಾಗುತ್ತದೆ. ನಾನು ಅದರ ಬಗ್ಗೆ ಅಭಿಪ್ರಾಯ ಇಟ್ಟುಕೊಂಡಿರಲಿಲ್ಲ.

ಏಳನೆಯ ವರ್ಷದ ಒಂದು ಮಧ್ಯಾಹ್ನ ವೀಗಾಂಡ್ ಸಲಿಕೆಯನ್ನು ಗೋಡೆಗೆ ಒರಗಿಸಿ ನನ್ನ ಪಕ್ಕದಲ್ಲಿ ಕುಳಿತ.

"ಮೇಷ್ಟ್ರೇ, ಆ ಮೆಟ್ಟಿಲುಗಳಲ್ಲಿ ಮೂರನೇದು ಸಡಿಲ ಇತ್ತಲ್ವಾ?"

ಇತ್ತು. ಗೃಹದ ಎಲ್ಲರಿಗೂ ತಿಳಿದಿತ್ತು.

"ಅದು ಅಲುಗಾಡಿದ್ದು ನಂಗೆ ಕಾಲಲ್ಲಿ ನೆನಪಿದೆ. ಅವರ ಕೊರಳಪಟ್ಟಿ ಒರಟು ಉಣ್ಣೆದು. ಬೆರಳಿಗೆ ಚುಚ್ಚತಿತ್ತು."

"ನೀನು ಆ ಬೆಳಗ್ಗೆ ಎಲ್ಲಿದ್ದೆ?"

"ಪೂಜೇಲಿದ್ದೆ ಅಂತ ಮೊದಲು ನೆನಪಿತ್ತು," ಎಂದ. "ಈಗ ಅದು ಯಾರೋ ಹೇಳಿದ ಹಾಗೆ ಇದೆ. ಇದು ನಾನೇ ನೋಡಿದ ಹಾಗೆ ಇದೆ."

ಪೂಜೆಯಲ್ಲಿ ಅವನು ನನ್ನ ಎಡಕ್ಕೆ ನಿಂತಿದ್ದ. ಅದನ್ನು ಹೇಳಿದೆ. ಅವನು ಮರ್ಯಾದೆಯಿಂದ ಕೇಳಿ, ನಿರಾಕರಿಸಿದೆ, ಎಂದ. ಹಳೆಯ ದನಿಯಲ್ಲ. ಮುಂಚೆ ಆ ಪದದ ಹಿಂದೆ ಒಬ್ಬ ನಿಂತು ಕಾಯುತ್ತಿದ್ದುದು ನನಗೆ ಕೇಳಿಸುತ್ತಿತ್ತು. ಅಂದು ಹಿಂದೆ ಯಾರೂ ಇರಲಿಲ್ಲ.

೧೪೪೦ರ ಶರತ್ಕಾಲದಲ್ಲಿ ಯುಟ್ಟಾ ಸತ್ತಳು. ಅವಳನ್ನು ಮಣ್ಣುಮಾಡಿ ಬಂದ ಮೂರನೆಯ ದಿನ ವೀಗಾಂಡ್ ಕೈಕಾಲು ತೊಳೆದುಕೊಂಡು ನಗರದ ನ್ಯಾಯಾಧೀಶರ ಬಾಗಿಲಿಗೆ ಹೋಗಿ, ಒಂಬತ್ತು ವರ್ಷದ ಹಿಂದೆ ಒಬ್ಬನನ್ನು ಕೊಂದೆ ಎಂದ. ಅವನೀಗ ನಮ್ಮ ಪಟ್ಟಿಯವನಲ್ಲ, ನಗರದ ಕೂಲಿ. ಕುಲಪತಿಗಳ ರಕ್ಷಣೆ ಅವನಿಗಿರಲಿಲ್ಲ.

ನ್ಯಾಯಾಧೀಶ ಥೀಲೆ ಬಟ್ಟೆಯ ವ್ಯಾಪಾರಿ, ಕೆಟ್ಟವನಲ್ಲ. ನಾನು ಹೋಗಿ ಕಟ್ಟು ಎಂದರೇನು, ಆಣೆ ಎಂದರೇನು ಎಂದು ವಿವರಿಸಿದೆ. ಅಂದಿನ ಪೂಜೆಯಲ್ಲಿ ಅವನು ನನ್ನ ಪಕ್ಕದಲ್ಲಿದ್ದನೆಂದೂ ಹೇಳಿದೆ; ಆದರೆ ಲಾಂಪರ್ಟ್ ಸತ್ತದ್ದು ಪೂಜೆಗೆ ಮುಂಚೆಯೋ ಆಗಲೋ ಎಂದು ಹೇಳಲು ನನ್ನಿಂದ ಆಗಲಿಲ್ಲ. ತಾಳ್ಮೆಯಿಂದ ಕೇಳಿದ.

"ಮೇಷ್ಟ್ರೇ, ತಪ್ಪು ತಿಳಿಬೇಡಿ. ಒಂಬತ್ತು ವರ್ಷ ನಡೆಯೋ ಆಟ ಉಂಟಾ? ಅವನು ಮೆಟ್ಟಿಲು ಹೇಳ್ತಾನೆ, ಕೊರಳಪಟ್ಟಿ ಹೇಳ್ತಾನೆ. ಸತ್ತೋನ ಚಿಕ್ಕಪ್ಪ ಸರಿ ಇದೆ ಅಂತಾನೆ. ನೀವು ಅಲ್ಲಿದ್ರಾ?"

"ಇರಲಿಲ್ಲ."

"ಅವನು ಇದ್ದೆ ಅಂತಾನೆ. ನಾನು ಯಾರ ಮಾತು ಹಿಡೀಲಿ?"

ಸುಳ್ಳೆಂದು ಆಣೆಯಿಟ್ಟವರು ಬದುಕಿದ್ದಾರೆ, ಕರೆಸಿ ಎಂದೆ. ಥೀಲೆ ಆಳು ಕಳಿಸಿದ. ಹಾರ್ಟುಂಗ್ ಅಷ್ಟರಲ್ಲಿ ದೊಡ್ಡ ಚರ್ಚಿನ ಪಾದ್ರಿಮಂಡಲ ಸೇರಿ ನಮ್ಮ ವಿಭಾಗದ ಮುಖ್ಯಸ್ಥನೂ ಆಗಿದ್ದ. ಪಾದ್ರಿಯನ್ನು ನಗರದ ನ್ಯಾಯಸ್ಥಾನ ಕರೆಸುವಂತಿಲ್ಲವೆಂದು ಉತ್ತರ ಬಂತು. ಅದು ಕಾನೂನಿನ ಪ್ರಕಾರ ಸರಿಯಾಗಿತ್ತು.

ಮರಣದಂಡನೆ ವಿಧಿಸಿ ಶುಕ್ರವಾರಕ್ಕೆ ದಿನ ಗೊತ್ತುಮಾಡಿದರು. ಗುರುವಾರ ಮಧ್ಯಾಹ್ನ ಗಡಿಯಾರವನ್ನು ಬಟ್ಟೆಯಲ್ಲಿ ಸುತ್ತಿ, ಅಡ್ಡವಾಗಿಯೇ ಹಿಡಿದು, ಹಾರ್ಟುಂಗನ ಕೋಣೆಗೆ ಹೋದೆ. ಅವನು ನೀಲಿ ಬಣ್ಣದ ಹೊಸ ನಿಲುವಂಗಿ ಹಾಕಿಕೊಂಡಿದ್ದ. ವೀಗಾಂಡನೇ ಆ ಬಣ್ಣದ ರಾಶಿ ತಿರುವಿದ್ದಿರಬೇಕು. ಬಟ್ಟೆ ಬಿಚ್ಚಿ ಗಡಿಯಾರವನ್ನು ಅವನ ಮೇಜಿನ ಮೇಲೆ ಮಲಗಿಸಿದೆ.

"ಅವನು ಪ್ರಶ್ನೆ ಕೇಳಲ್ಲ," ಎಂದೆ. "ಕೇಳಬೇಡ ಅಂತ ನಾನು ಹೇಳ್ತೀನಿ. ಬಂದು ಆ ಎರಡು ಪದ ಅನ್ನು ಸಾಕು."

"ಕೇಳ್ತಾನೆ," ಎಂದ ಹಾರ್ಟುಂಗ್. "ನಿಮಗೂ ಗೊತ್ತು. ಅವನು ಕೇಳ್ತಾನೆ, ನಾನು ಹೇಳ್ತೀನಿ. ನಾವಿಬ್ಬರೂ ಅದೇ ಶಾಲೇಲಿ ಕಲಿತೋರು." ಗಾಜಿನ ಮೇಲೆ ಒಂದು ಬೆರಳಿಟ್ಟ. "ಎಷ್ಟು ಉಳಿದಿದೆ ಇದರಲ್ಲಿ?"

"ಕಾಲು ಪಾಲು."

"ಹಾಗಿದ್ರೆ ಕಾಲ ಸಂದಿಲ್ಲವಲ್ಲ ಮೇಷ್ಟ್ರೇ," ಎಂದು ಬೆರಳು ತೆಗೆದ.

ಗಲ್ಲಿಗೆ ಬದಲು ಕತ್ತಿ ಕೊಟ್ಟರು. ಓದಿದವನೆಂದು ಥೀಲೆ ತೋರಿದ ದಯೆ. ಬೆಳಗಿನ ಚಳಿಗೆ ಹೆಚ್ಚು ಜನ ಬಂದಿರಲಿಲ್ಲ. ವೀಗಾಂಡ್ ಮಂಡಿಯೂರುವ ಮುನ್ನ ಗುಂಪನ್ನು ಎಡದಿಂದ ಬಲಕ್ಕೆ ಒಮ್ಮೆ ನೋಡಿದ. ಅವನ ನೋಟ ಒಂದೆಡೆ ನಿಂತಿತು. ತಿರುಗಿ ನೋಡಿದೆ. ಕೊನೆಯ ಸಾಲಿನಲ್ಲಿ, ಬೆಸ್ತರ ಹೆಂಗಸರ ಹಿಂದೆ, ಹಾರ್ಟುಂಗ್ ನಿಂತಿದ್ದ. ಬರುವ ಅಗತ್ಯ ಅವನಿಗಿರಲಿಲ್ಲ, ಬಂದಿದ್ದ.

ವೀಗಾಂಡ್ ಶಾಲೆಯಲ್ಲಿ ನಿಲ್ಲುತ್ತಿದ್ದಂತೆ ನೆಟ್ಟಗೆ ನಿಂತು ಅವನ ಮುಖವನ್ನೇ ನೋಡಿದ. ಥೀಲೆ ವಾಡಿಕೆಯಂತೆ ಕೊನೆಯ ಸಲ, ಕೊಂದದ್ದು ನೀನೇ ತಾನೇ ಎಂದು ಕೇಳಿದ. ವೀಗಾಂಡ್ ತಕ್ಷಣ ಉತ್ತರ ಕೊಡಲಿಲ್ಲ. ಏಳನೆಯ ವರ್ಷದಿಂದ ಕಾಣದಿದ್ದ ಒಂದನ್ನು ಆಗ ಅವನ ಮುಖದಲ್ಲಿ ಕಂಡೆ: ಅವನು ಕಾಯುತ್ತಿದ್ದ. ಒಳಗೆ ಇನ್ನೂ ಯಾರೋ ಇದ್ದರು.

ಹಾರ್ಟುಂಗನ ತುಟಿಗಳು ಬೇರ್ಪಟ್ಟವು. ಉಸಿರಿನ ಹೊಗೆ ಹೊರಬಂತು. ಮಾತು ಬರಲಿಲ್ಲ.

"ಒಪ್ಪಿದೆ," ಎಂದ ವೀಗಾಂಡ್.

ಮುಂದಿನ ಉಪವಾಸಕಾಲದಲ್ಲಿ ನಮ್ಮ ಶಾಲೆಯಲ್ಲಿ ಒಂದು ಪ್ರಶ್ನೆಯನ್ನು ಚರ್ಚೆಗೆ ಇಟ್ಟರು: ಉತ್ತರಿಸುವವನು ಸತ್ತರೆ ಕಟ್ಟು ಬಿಚ್ಚುತ್ತದೆಯೋ, ಇಲ್ಲವೋ. ಹೆಸರು ಯಾರದನ್ನೂ ಹೇಳಲಿಲ್ಲ. ಎರಡೂ ಪಕ್ಷದವರು ಚೆನ್ನಾಗಿ ವಾದಿಸಿದರು. ಕಟ್ಟು ದೇಹದ್ದಾದರೆ ಬಿಚ್ಚುತ್ತದೆ. ಬುದ್ಧಿಯದ್ದಾದರೆ, ಬುದ್ಧಿ ಸಾಯದ ಕಾರಣ, ಬಿಚ್ಚಲಾರದು. ಎರಡನೆಯ ಪಕ್ಷಕ್ಕೆ ಗೆಲುವಾಯಿತು. ಅಧ್ಯಕ್ಷತೆ ಹಾರ್ಟುಂಗನದಾಗಿತ್ತು. ವಾದ ಮುಗಿಸುವ ಪದಗಳನ್ನು ಅವನು ಪಕ್ಕದವನಿಂದ ಹೇಳಿಸಿದ. ಅಂದಿನಿಂದ ಇಂದಿನವರೆಗೂ ಹಾಗೆಯೇ ಹೇಳಿಸುತ್ತಾನೆ. ಅವನ ಬಾಯಿಂದ ಅವನ್ನು ಕೇಳಿದವರಿಲ್ಲ.

ನನಗೆ ಈಗ ಎಪ್ಪತ್ತಾರು. ಹೋದ ವರ್ಷ ತಲೆ ಎಣಿಸುವ ಕೆಲಸದಿಂದ ಬಿಡಿಸಿದರು. ಗಡಿಯಾರವನ್ನು ಮಾತ್ರ ಹಿಂದಿರುಗಿಸಲಿಲ್ಲ. ಶಾಲೆಯವರು ಹೊಸದನ್ನು ಮಾಡಿಸಿಕೊಂಡಿದ್ದಾರೆ. ಹಳೆಯದು ನನ್ನ ಪೆಟ್ಟಿಗೆಯಲ್ಲಿ ಅಡ್ಡ ಮಲಗಿದೆ, ಮುಕ್ಕಾಲು ಒಂದು ಕಡೆ, ಕಾಲು ಇನ್ನೊಂದು ಕಡೆ. ಹಾರ್ಟುಂಗನಿಗೆ ಕಾಲುಗಳಲ್ಲಿ ನೀರು ತುಂಬಿದೆ, ಈ ಚಳಿಗಾಲ ದಾಟುವುದಿಲ್ಲವೆಂದು ವೈದ್ಯರು ಹೇಳುತ್ತಾರೆ. ನಿನ್ನೆ ಅವನನ್ನು ನೋಡಲು ಹೋದೆ. ಹಾಸಿಗೆಯ ಪಕ್ಕದಲ್ಲಿ ಬಹಳ ಹೊತ್ತು ಕುಳಿತೆ. ಅವನು ನನ್ನನ್ನು ಗುರುತಿಸಿದ. ಚರ್ಚಿನ ಚಾವಣಿಯ ಬಗ್ಗೆ, ಈ ವರ್ಷದ ಈರುಳ್ಳಿಯ ಬಗ್ಗೆ ಮಾತಾಡಿದ. ಎಲ್ಲವೂ ಸಂಬಂಧವಿಲ್ಲದ್ದು, ಎಲ್ಲವೂ ನಿಜ.

ಅವನು ಕೊಡಬೇಕಾದದ್ದು ಎರಡು ಪದ. ಇನ್ನೂ ಕೊಟ್ಟಿಲ್ಲ.